ಹಡಗಿನಲ್ಲೇ ಉಳಿದು ಕಡಲಾಳಕ್ಕೆ: ಹೊಸೂರು, ಕೃಷ್ಣಗಿರಿಯವರಿಗೆ ಡೈವಿಂಗ್ ಮಾಹಿತಿ

ಹೊಸೂರಿನವರಿಗೆ ಕಡಲು ಹತ್ತಿರದ್ದಲ್ಲ. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ನೂರಾರು ಕಿಲೋಮೀಟರ್ ದಾಟಬೇಕು, ಘಟ್ಟ ಇಳಿಯಬೇಕು. ಆದರೂ ಡೈವಿಂಗ್ ಕಲಿಯಬೇಕೆನ್ನುವವರಿಗೆ ಈ ಊರು ಅನುಕೂಲದ ಜಾಗದಲ್ಲಿದೆ. ಎರಡು ಕರಾವಳಿಗಳ ನಡುವೆ ಇರುವುದರಿಂದ ಒಂದು ಕಡೆ ಮಳೆಗಾಲವಿದ್ದಾಗ ಇನ್ನೊಂದು ಕಡೆ ಹೋಗಬಹುದು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸುಮಾರು 75 ಕಿಲೋಮೀಟರ್ ದೂರದಲ್ಲಿದೆ, ಅಲ್ಲಿಂದ ಮಾಲ್ಡೀವ್ಸ್‌ನ ಮಾಲೆಗೆ ನೇರ ವಿಮಾನದಲ್ಲಿ ಎರಡು ಗಂಟೆಯ ಆಸುಪಾಸು. ಕಾರ್ಖಾನೆಯ ಒಂದು ವಾರದ ರಜೆಯಲ್ಲಿ ಹವಳದ ದಿಬ್ಬಗಳ ನಡುವೆ ಈಜಿ ಬರುವುದು ಈಗ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಯ ಯಾರಿಗಾದರೂ ಸಾಧ್ಯವಿರುವ ಮಾತು.

ಸಾಧ್ಯವಿದೆ ಎಂದ ಮಾತ್ರಕ್ಕೆ ಇವತ್ತೇ ಹಡಗಿಗೆ ಮುಂಗಡ ಕಟ್ಟಬೇಡಿ. ಲೈವ್‌ಅಬೋರ್ಡ್ ಎಂದರೆ ವಾರವಿಡೀ ಹಡಗಿನಲ್ಲೇ ಊಟ, ಅಲ್ಲೇ ನಿದ್ದೆ, ದಿನಕ್ಕೆ ಮೂರು ಸಲ ಅಲ್ಲಿಂದಲೇ ನೀರಿಗೆ ಇಳಿಯುವುದು. ದಡದ ರೆಸಾರ್ಟಿನಿಂದ ದೋಣಿಯಲ್ಲಿ ಹೋಗಿ ಬರುವವರಿಗೆ ಸಿಗದ ದೂರದ ಜಾಗಗಳಿಗೆ ಹಡಗು ರಾತ್ರಿಯೇ ಸಾಗಿರುತ್ತದೆ. ಬೆಳಿಗ್ಗೆ ಕಣ್ಣು ಬಿಡುವ ಹೊತ್ತಿಗೆ ಡೈವ್ ಮಾಡುವ ಸ್ಥಳದ ಮೇಲೆಯೇ ಇರುತ್ತೀರಿ. ಅದು ಇದರ ದೊಡ್ಡ ಸುಖ. ಆದರೆ ಅಲ್ಲಿ ಕಲಿಸುತ್ತ ಕೂರುವ ವ್ಯವಧಾನ ಯಾರಿಗೂ ಇರುವುದಿಲ್ಲ. ನೀರಿನಲ್ಲಿ ಸೆಳೆತ ಇರುತ್ತದೆ, ಆಳ ಇರುತ್ತದೆ, ಜೊತೆಗಾರರು ಅನುಭವಸ್ಥರಾಗಿರುತ್ತಾರೆ. ಹಾಗಾಗಿ ನನ್ನ ಸಲಹೆ ಇಷ್ಟು: ಈಜು, ನೇತ್ರಾಣಿ ದ್ವೀಪದ ಬಳಿ ಒಂದು ಪ್ರಯೋಗದ ಡೈವ್, ತರಬೇತಿ, ದಡದ ಮೇಲಿದ್ದು ಒಂದಿಷ್ಟು ಡೈವ್‌ಗಳು, ಆಮೇಲೆ ಹಡಗು. ಈ ಕ್ರಮಕ್ಕೆ ಒಂದೆರಡು ವರ್ಷ ಹಿಡಿದರೂ ಹಿಡಿಯಲಿ.

ಈಜು ಕೊಳದಲ್ಲಿ, ಅಣೆಕಟ್ಟಿನಲ್ಲಿ ಅಲ್ಲ

ಓಪನ್ ವಾಟರ್ ಎಂಬ ಮೊದಲ ಪ್ರಮಾಣಪತ್ರಕ್ಕೆ, ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆಯ ನಿಯಮದ ಪ್ರಕಾರ, 200 ಮೀಟರ್ ನಿಲ್ಲದೆ ಈಜಬೇಕು. ಸಮಯದ ಮಿತಿ ಇಲ್ಲ, ಯಾವ ಶೈಲಿಯಾದರೂ ಸರಿ. ಮಾಸ್ಕ್, ಸ್ನಾರ್ಕೆಲ್, ಫಿನ್ಸ್ ಹಾಕಿಕೊಂಡು ಈಜುವುದಾದರೆ 300 ಮೀಟರ್. ಜೊತೆಗೆ ಏನನ್ನೂ ಹಿಡಿದುಕೊಳ್ಳದೆ ಹತ್ತು ನಿಮಿಷ ತೇಲಬೇಕು. ವಯಸ್ಸು ಹತ್ತು ತುಂಬಿದ್ದರೆ ಸಾಕು. ದಿನಾ ಸಂಜೆ ಹೊಸೂರು ಅಥವಾ ಬೆಂಗಳೂರಿನ ಯಾವುದಾದರೂ ಈಜುಕೊಳಕ್ಕೆ ಹೋದರೆ ಕೆಲವು ತಿಂಗಳಲ್ಲಿ ಇದು ಕೈಗೂಡುತ್ತದೆ.

ಅಭ್ಯಾಸಕ್ಕೆಂದು ಕೃಷ್ಣಗಿರಿ ಅಣೆಕಟ್ಟಿಗಾಗಲಿ ಕೆಲವರಪಳ್ಳಿಗಾಗಲಿ ಹೋಗಬೇಡಿ. ಕೆಲವರಪಳ್ಳಿ ಜಲಾಶಯಕ್ಕೆ ಬರುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನು ಹೊತ್ತು ತರುತ್ತದೆ, ಗೇಟು ತೆರೆದಾಗ ನೊರೆ ಗುಡ್ಡೆಗುಡ್ಡೆಯಾಗಿ ಏಳುವುದನ್ನು ಆ ಕಡೆಯವರೆಲ್ಲ ನೋಡಿದ್ದಾರೆ. ಹೊಗೇನಕಲ್ಲಿನ ನೀರಿನ ಸುಳಿಗಳ ಬಗ್ಗೆ ಹೇಳುವುದೇ ಬೇಡ. ಈಜು ಬಾರದವರು ಮಾರ್ಗದರ್ಶಕರ ಜೊತೆ ಒಂದು ಪ್ರಯೋಗದ ಡೈವ್ ಮಾಡಬಹುದು, ಅದಕ್ಕೆ ಅಡ್ಡಿಯಿಲ್ಲ. ಅದರಾಚೆಗೆ ಹೋಗಬೇಕಾದರೆ ಈಜು ಬರಲೇಬೇಕು.

ಈ ಹಂತದಲ್ಲಿಯೇ ವೈದ್ಯರನ್ನು ಕಾಣುವುದು ಜಾಣತನ. ಡೈವಿಂಗ್ ಶಾಲೆಗಳು ಆರೋಗ್ಯದ ಪ್ರಶ್ನಾವಳಿಯೊಂದನ್ನು ಕೊಡುತ್ತವೆ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆ, ಕಿವಿಯ ಶಸ್ತ್ರಚಿಕಿತ್ಸೆ, ಹಳೆಯ ಸೈನಸ್ ಇವುಗಳಲ್ಲಿ ಯಾವುದಕ್ಕಾದರೂ ಹೌದು ಎನ್ನಬೇಕಾಗಿ ಬಂದರೆ ವೈದ್ಯರ ಸಹಿ ಇಲ್ಲದೆ ನೀರಿಗಿಳಿಸುವುದಿಲ್ಲ. ಸಹಿ ತಪ್ಪಿಸಲು ಇಲ್ಲ ಎಂದು ಗುರುತು ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಗರ್ಭಿಣಿಯರು ಡೈವ್ ಮಾಡುವಂತಿಲ್ಲ. ಮುಟ್ಟಿನ ದಿನಗಳಲ್ಲಿ ಡೈವ್ ಮಾಡಲು ತೊಂದರೆಯಿಲ್ಲ. ಕನ್ನಡಕದವರಿಗೆ ಪವರ್ ಇರುವ ಮಾಸ್ಕ್ ಸಿಗುತ್ತದೆ, ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಕೂಡ ನಡೆಯುತ್ತದೆ.

ನೇತ್ರಾಣಿ: ಮನಸ್ಸು ಒಪ್ಪುತ್ತದೆಯೇ ನೋಡಲು

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಅರಬ್ಬೀ ಸಮುದ್ರದಲ್ಲಿ ಸುಮಾರು 19 ಕಿಲೋಮೀಟರ್ ದೂರಕ್ಕೆ ನೇತ್ರಾಣಿ ಇದೆ. ಪಾರಿವಾಳ ದ್ವೀಪ ಎಂದೂ ಹೆಸರಿದೆ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಜನವಸತಿ ಇಲ್ಲ. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿನ ನೀರಿಗೆ ಇಳಿದದ್ದನ್ನು ನೋಡಿದ ಮೇಲೆ ಕನ್ನಡಿಗರಿಗೆ ಈ ಹೆಸರು ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಮುಂಗಾರು ಮುಗಿದು ಕಡಲು ತಿಳಿಯಾಗುವ ಅಕ್ಟೋಬರಿನಿಂದ ಮೇ ತಿಂಗಳವರೆಗೆ ದೋಣಿಗಳು ಹೋಗುತ್ತವೆ. ಬೆಂಗಳೂರಿನಿಂದ ಮುರುಡೇಶ್ವರಕ್ಕೆ ರಾತ್ರಿ ಬಸ್ಸೂ ಇದೆ, ರಾತ್ರಿ ರೈಲೂ ಇದೆ.

ಪ್ರಮಾಣಪತ್ರ ಇಲ್ಲದವರನ್ನು ತರಬೇತುದಾರರು ಕೈಹಿಡಿದು ಕರೆದೊಯ್ಯುವ ಈ ಪ್ರಯೋಗದ ಡೈವ್‌ಗೆ ಅಂತರರಾಷ್ಟ್ರೀಯ ಮಿತಿ 12 ಮೀಟರ್. ನೀವು ಮಾಡಬೇಕಾದದ್ದು ಎರಡೇ ಕೆಲಸ. ಬಾಯಿಂದ ನಿಧಾನವಾಗಿ ಉಸಿರಾಡುತ್ತಲೇ ಇರುವುದು, ಕಿವಿಯ ಒತ್ತಡ ಸರಿಮಾಡಿಕೊಳ್ಳುವುದು. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದರೆ ಕಿವಿಯೊಳಗೆ ಟಪ್ ಎನ್ನುತ್ತದೆ. ಇದನ್ನು ನೋವು ಬಂದ ಮೇಲಲ್ಲ, ಇಳಿಯಲು ತೊಡಗಿದ ಕೂಡಲೇ ಶುರುಮಾಡಿ ಅರ್ಧ ಮೀಟರಿಗೊಮ್ಮೆ ಮಾಡುತ್ತಿರಬೇಕು. ನೋವಾದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸಬೇಕು. ಬಲವಾಗಿ ಊದಿದರೆ ಕಿವಿಗೆ ಏಟು. ಡಿಸೆಂಬರ್, ಜನವರಿಯ ಹೊಸೂರಿನ ಚಳಿಯಲ್ಲಿ ನೆಗಡಿ ಹತ್ತಿದ್ದರೆ ದಿನಾಂಕ ಮುಂದೂಡುವುದೇ ಮೇಲು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದವರಿಗೆ ಔಷಧದ ಪ್ರಭಾವ ನೀರಿನಡಿಯಲ್ಲೇ ಮುಗಿದರೆ ಮೇಲೆ ಬರುವಾಗ ಸೈನಸ್ಸಿನ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಆ ನೋವು ತಡೆಯುವಂಥದ್ದಲ್ಲ.

ನೇತ್ರಾಣಿಯಲ್ಲಿ ಒಂದು ಸಲ ಇಳಿದು ಬಂದರೆ ನಿಮ್ಮ ಬಗ್ಗೆ ನಿಮಗೇ ತಿಳಿಯುತ್ತದೆ. ಕೆಲವರು ಮೇಲೆ ಬಂದ ಮೇಲೆ ಇನ್ನೊಮ್ಮೆ ಎನ್ನುತ್ತಾರೆ. ಕೆಲವರಿಗೆ ಬಾಯಲ್ಲೊಂದು ರಬ್ಬರ್ ಕಚ್ಚಿಕೊಂಡು ನೀರಿನಡಿ ಇರುವುದೇ ಉಸಿರುಗಟ್ಟಿಸುತ್ತದೆ. ಹಾಗೆ ಅನಿಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಲಕ್ಷ ರೂಪಾಯಿಯ ಹಡಗಿನಲ್ಲಿ ತಿಳಿಯುವುದಕ್ಕಿಂತ ಇಲ್ಲೇ ತಿಳಿದದ್ದು ಒಳ್ಳೆಯದಾಯಿತು.

ಮರಳುವಾಗ ಏರುವ ಘಟ್ಟ

ಪ್ರವಾಸದ ಪುಸ್ತಿಕೆಗಳಲ್ಲಿ ಕಾಣದ, ಆದರೆ ಹೊಸೂರಿನವರಿಗೆ ಬಹಳ ಮುಖ್ಯವಾದ ವಿಚಾರ ಇದು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಡಲಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಮೇಲಿನ ವಾಯುಮಂಡಲದಷ್ಟೇ ಒತ್ತಡ ಹೆಚ್ಚುತ್ತದೆ. ಹತ್ತು ಮೀಟರಿನಲ್ಲಿ ಎರಡು ಪಟ್ಟು, ಮೂವತ್ತರಲ್ಲಿ ನಾಲ್ಕು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಸ್ನಾಯುಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ಒಮ್ಮೆಲೇ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆರೆದಂತೆ ಗುಳ್ಳೆಯಾಗಿ ಏಳುತ್ತದೆ. ಕೀಲುನೋವು, ಚರ್ಮದ ಮೇಲೆ ಕಲೆ, ಜೋಮು, ಕೆಟ್ಟದ್ದಾದರೆ ಪಾರ್ಶ್ವವಾಯು. ಇದನ್ನೇ ಡಿಕಂಪ್ರೆಶನ್ ಕಾಯಿಲೆ ಎನ್ನುತ್ತಾರೆ.

ಡೈವ್ ಮುಗಿಸಿ ಒದ್ದೆ ಬಟ್ಟೆ ಬದಲಾಯಿಸಿದ ಮೇಲೂ ಸಾರಜನಕ ಗಂಟೆಗಟ್ಟಲೆ ಮೈಯಲ್ಲೇ ಇರುತ್ತದೆ. ಆಗ ಎತ್ತರಕ್ಕೆ ಏರಿದರೆ ಹೊರಗಿನ ಒತ್ತಡ ಇನ್ನೂ ಇಳಿಯುತ್ತದೆ. ವಿಮಾನ ಹತ್ತಬಾರದು ಎಂಬುದು ಹೆಚ್ಚಿನವರಿಗೆ ಗೊತ್ತು. ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಮಾರ್ಗಸೂಚಿ ವಿಮಾನಕ್ಕೆ ಮಾತ್ರ ಸೀಮಿತವಲ್ಲ, ಸುಮಾರು 600 ಮೀಟರಿಗಿಂತ ಎತ್ತರಕ್ಕೆ ಹೋಗುವ ಯಾವ ಪಯಣಕ್ಕೂ ಅನ್ವಯಿಸುತ್ತದೆ. ಹೊಸೂರು, ಬೆಂಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಕೃಷ್ಣಗಿರಿ ಪಟ್ಟಣ ಸಾಕಷ್ಟು ತಗ್ಗಿನಲ್ಲಿದೆ, ಆದರೆ ಮುರುಡೇಶ್ವರದಿಂದ ಅಲ್ಲಿಗೆ ಹೋಗುವ ದಾರಿ ಘಟ್ಟ ಹತ್ತಿ ಬೆಂಗಳೂರು, ಹೊಸೂರಿನ ಮೇಲೆಯೇ. ಎಂದರೆ ನಮಗೆ ಮನೆಯೇ ಎತ್ತರ.

ಆ ಮಾರ್ಗಸೂಚಿ ಹೇಳುವುದು ಹೀಗೆ: ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ ಕಾಯಬೇಕು. ದಿನಕ್ಕೆ ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಸತತವಾಗಿ ಮಾಡಿದ್ದರೆ ಕನಿಷ್ಠ 18 ಗಂಟೆ. ಮಧ್ಯಾಹ್ನ ಹನ್ನೆರಡಕ್ಕೆ ಎರಡನೆಯ ಡೈವ್ ಮುಗಿಸಿದವರಿಗೆ ಆ 18 ಗಂಟೆ ತುಂಬುವುದು ಮರುದಿನ ಬೆಳಿಗ್ಗೆ ಆರಕ್ಕೆ. ಅದೇ ಸಂಜೆ ಬಸ್ಸು ಹತ್ತಿದರೆ ನಡುರಾತ್ರಿಯ ಹೊತ್ತಿಗೆ ಘಟ್ಟ ಏರುತ್ತಿರುತ್ತೀರಿ. 12 ಮೀಟರಿನೊಳಗಿನ ಒಂದು ಪ್ರಯೋಗದ ಡೈವ್‌ನಲ್ಲಿ ಅಪಾಯ ಕಡಿಮೆ ಎಂಬುದು ನಿಜ. ಆದರೂ ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಸಲು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಮುರುಡೇಶ್ವರದಲ್ಲೇ ಉಳಿಯಿರಿ, ದೇವಸ್ಥಾನ ನೋಡಿ. ಸಮಯವಿದ್ದರೆ ಕರಾವಳಿಯಲ್ಲೇ ಭಟ್ಕಳ, ಕುಂದಾಪುರ, ಉಡುಪಿ ಸುತ್ತಿ. ಡೈವ್ ಮುಗಿಸಿ ಅದೇ ದಿನ 1343 ಮೀಟರ್ ಎತ್ತರದ ಕೊಡಚಾದ್ರಿ ಹತ್ತುವ ಯೋಜನೆ ಹಾಕಬೇಡಿ. ಕೊಡಚಾದ್ರಿಯೂ ಬೇಕು, ನೇತ್ರಾಣಿಯೂ ಬೇಕು ಎನ್ನುವವರು ಮೊದಲು ಬೆಟ್ಟ ಹತ್ತಿ, ಆಮೇಲೆ ಕಡಲಿಗೆ ಇಳಿಯಲಿ.

ತರಬೇತಿ ಎಲ್ಲಿ, ಎಷ್ಟು

ಓಪನ್ ವಾಟರ್ ತರಬೇತಿಗೆ ಮೂರು ನಾಲ್ಕು ದಿನ ಬೇಕು. ಪಾಠದ ಭಾಗವನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಓದಿ ಮುಗಿಸಬಹುದು. ಕೊಳದಲ್ಲಿ ಅಭ್ಯಾಸ, ಆಮೇಲೆ ಕಡಲಿನಲ್ಲಿ ನಾಲ್ಕು ಡೈವ್. ಪಾಸಾದವರು ಜೊತೆಗಾರರೊಂದಿಗೆ 18 ಮೀಟರ್ ಆಳದವರೆಗೆ ಹೋಗಬಹುದು. ಪ್ಯಾಡಿ ಆದರೂ ಎಸ್‌ಎಸ್‌ಐ ಆದರೂ ಎಲ್ಲ ಕಡೆ ಮಾನ್ಯ. ಸಂಸ್ಥೆಯ ಹೆಸರಿಗಿಂತ ಕಲಿಸುವವರು ಮುಖ್ಯ. ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ ಎಂದು ಕೇಳಿ, ಮೂರು ನಾಲ್ಕಕ್ಕಿಂತ ಹೆಚ್ಚಿದ್ದರೆ ಬೇರೆ ಕಡೆ ನೋಡಿ.

ಕೃಷ್ಣಗಿರಿಯವರಿಗೆ ಪುದುಚೇರಿ ಹತ್ತಿರದ ಆಯ್ಕೆ. ಊತ್ತಂಗರೆ, ಚೆಂಗಂ, ತಿರುವಣ್ಣಾಮಲೈ ಮೇಲೆ ಹೋದರೆ ಇನ್ನೂರು ಕಿಲೋಮೀಟರಿನ ಆಸುಪಾಸು. ಪೂರ್ವ ಕರಾವಳಿಗೆ ಅಕ್ಟೋಬರಿನಿಂದ ಡಿಸೆಂಬರ್ ಹಿಂಗಾರಿನ ಕಾಲ, ಆಗ ಬೇಡ. ಪಶ್ಚಿಮಕ್ಕೆ ಜೂನಿನಿಂದ ಸೆಪ್ಟೆಂಬರ್ ಬೇಡ. ಪುದುಚೇರಿಯ ನೀರು ಕೆಲವು ದಿನ ಮಬ್ಬಾಗಿರುತ್ತದೆ, ಅಂಥ ನೀರಿನಲ್ಲಿ ಕಲಿತವರಿಗೆ ಮುಂದೆ ತಿಳಿನೀರು ಸುಲಭ ಎಂಬುದು ನನ್ನ ಅಭಿಪ್ರಾಯ.

ರಜೆ, ಹಣ ಎರಡೂ ಇದ್ದರೆ ಅಂಡಮಾನಿನ ಸ್ವರಾಜ್ ದ್ವೀಪ ಇನ್ನೂ ಒಳ್ಳೆಯದು. 2018ರವರೆಗೆ ಅದನ್ನು ಹ್ಯಾವ್‌ಲಾಕ್ ಎನ್ನುತ್ತಿದ್ದರು, ಡೈವರ್‌ಗಳು ಈಗಲೂ ಹಾಗೇ ಕರೆಯುತ್ತಾರೆ. ಪೋರ್ಟ್ ಬ್ಲೇರ್‌ಗೆ, ಎಂದರೆ ಈಗಿನ ಶ್ರೀ ವಿಜಯಪುರಕ್ಕೆ, ಬೆಂಗಳೂರಿನಿಂದ ವಿಮಾನ ಇದೆ, ಅಲ್ಲಿಂದ ಮುಂದಕ್ಕೆ ಫೆರಿ. ಲಕ್ಷದ್ವೀಪದ ಕಡಮತ್, ಬಂಗಾರಂಗಳಲ್ಲೂ ಡೈವಿಂಗ್ ಇದೆ. ಅಲ್ಲಿಗೆ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಅದನ್ನು ಮೊದಲೇ ಮಾಡಿಸಿಕೊಳ್ಳಿ.

ಎರಡನೆಯ ಹಂತ ಅಡ್ವಾನ್ಸ್‌ಡ್. ಐದು ಡೈವ್, ಅವುಗಳಲ್ಲಿ ಆಳದ ಡೈವ್ ಮತ್ತು ದಿಕ್ಕು ಹಿಡಿಯುವ ಡೈವ್ ಕಡ್ಡಾಯ. ಮಿತಿ 30 ಮೀಟರಿಗೆ ಏರುತ್ತದೆ. ಇದರ ಜೊತೆಗೆ ನೈಟ್ರಾಕ್ಸ್ ತರಬೇತಿಯನ್ನೂ ಮುಗಿಸಿಕೊಳ್ಳಿ. ಮಾಮೂಲಿ ಗಾಳಿಯಲ್ಲಿ ನೂರಕ್ಕೆ 21 ಭಾಗ ಆಮ್ಲಜನಕ ಇದ್ದರೆ ನೈಟ್ರಾಕ್ಸ್‌ನಲ್ಲಿ ಸಾಮಾನ್ಯವಾಗಿ 32. ಸಾರಜನಕ ಕಡಿಮೆ ಆದಷ್ಟೂ ದಿನಕ್ಕೆ ಮೂರು ಡೈವ್ ಮಾಡುವ ಹಡಗಿನಲ್ಲಿ ದೇಹಕ್ಕೆ ಬಿಡುವು. ಆದರೆ ಆಮ್ಲಜನಕ ಹೆಚ್ಚಿದಂತೆ ಆಳದ ಮಿತಿ ಕುಗ್ಗುತ್ತದೆ, 32ರ ಮಿಶ್ರಣದಲ್ಲಿ 33 ಮೀಟರ್ ದಾಟುವಂತಿಲ್ಲ. ಸಿಲಿಂಡರಿನ ಮಿಶ್ರಣವನ್ನು ಪ್ರತಿ ಸಲ ನೀವೇ ಅಳೆದು ಸಹಿ ಹಾಕಬೇಕು.

ಗಾಳಿಯ ಲೆಕ್ಕವೂ ಕೈಗೆ ಬರಬೇಕು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ತುಂಬಿದರೆ 2400 ಲೀಟರ್ ಗಾಳಿ. 50 ಬಾರ್ ಉಳಿಸಿ ಮೇಲೆ ಬರಬೇಕು, ಬಳಸಲು ಸಿಗುವುದು 1800. ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 20 ಮೀಟರ್ ಆಳದಲ್ಲಿ ಮೂರು ಪಟ್ಟು, ಅಂದರೆ 60 ಲೀಟರ್ ಖರ್ಚು ಮಾಡುತ್ತಾರೆ. ಅರ್ಧ ಗಂಟೆಗೆ ಮುಗಿಯಿತು. ನಿಮಿಷಕ್ಕೆ 15 ಲೀಟರಿಗೆ ಇಳಿಸಿಕೊಂಡವರಿಗೆ ಅದೇ ಸಿಲಿಂಡರ್ 40 ನಿಮಿಷ ಬರುತ್ತದೆ. ಗಾಬರಿ ಕಡಿಮೆಯಾದಂತೆ ಉಸಿರು ತಾನಾಗಿ ಇಳಿಯುತ್ತದೆ, ಅದಕ್ಕೆ ಬೇಕಾದದ್ದು ಡೈವ್‌ಗಳ ಸಂಖ್ಯೆ. ಓಪನ್ ವಾಟರ್, ಅಡ್ವಾನ್ಸ್‌ಡ್ ಸೇರಿ ಒಂಬತ್ತು ಡೈವ್ ಆಗುತ್ತವೆ. ಮಾಲ್ಡೀವ್ಸ್‌ನ ಸೆಳೆತದ ನೀರಿಗೆ ಹೋಗುವ ಹಡಗುಗಳು ಅಡ್ವಾನ್ಸ್‌ಡ್ ಜೊತೆಗೆ ಮೂವತ್ತೋ ಐವತ್ತೋ ಡೈವ್‌ಗಳ ದಾಖಲೆ ಕೇಳುವುದು ಸಾಮಾನ್ಯ. ನಡುವಿನ ಕೊರತೆಯನ್ನು ಅಂಡಮಾನ್, ಲಕ್ಷದ್ವೀಪ, ನೇತ್ರಾಣಿಗಳಲ್ಲಿ ತುಂಬಿಕೊಳ್ಳಿ.

ಸಾಮಾನು ಕೊಳ್ಳುವ ಆತುರ ಬೇಡ. ಮೊದಲು ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್, ಆಮೇಲೆ ಡೈವ್ ಕಂಪ್ಯೂಟರ್. ಗಡಿಯಾರದಂತೆ ಕೈಗೆ ಕಟ್ಟುವ ಅದು ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ಲೆಕ್ಕ ಹಾಕುತ್ತಿರುತ್ತದೆ. ಉಳಿದದ್ದೆಲ್ಲ ಬಾಡಿಗೆಗೆ ಸಿಗುತ್ತದೆ.

ಹಡಗಿನ ವಾರ

ಮಾಲ್ಡೀವ್ಸ್‌ನಲ್ಲಿ ಇವುಗಳಿಗೆ ಸಫಾರಿ ಬೋಟ್ ಎಂಬ ಹೆಸರೇ ಹೆಚ್ಚು ಬಳಕೆ. ಸಾಮಾನ್ಯವಾಗಿ ಏಳು ರಾತ್ರಿ. ದೊಡ್ಡ ಹಡಗಿನ ಜೊತೆಗೆ ಧೋನಿ ಎಂಬ ಇನ್ನೊಂದು ದೋಣಿ ಬರುತ್ತದೆ. ಸಿಲಿಂಡರ್, ಗಾಳಿ ತುಂಬುವ ಕಂಪ್ರೆಸರ್, ನಿಮ್ಮ ಒದ್ದೆ ಸಾಮಾನೆಲ್ಲ ಅದರಲ್ಲಿ. ಹೀಗಾಗಿ ಮಲಗುವ ಹಡಗಿನಲ್ಲಿ ಕಂಪ್ರೆಸರಿನ ಸದ್ದಿಲ್ಲ.

ಬೆಳಿಗ್ಗೆ ಆರರ ಹೊತ್ತಿಗೆ ಎಬ್ಬಿಸುತ್ತಾರೆ. ಚಹಾ, ಬಿಸ್ಕತ್ತು, ಆಮೇಲೆ ಬ್ರೀಫಿಂಗ್. ಮಾರ್ಗದರ್ಶಕರು ಬಿಳಿ ಹಲಗೆಯ ಮೇಲೆ ಹವಳದಿಬ್ಬದ ನಕ್ಷೆ ಬರೆದು ಸೆಳೆತ ಎತ್ತ, ಎಲ್ಲಿ ಇಳಿಯುವುದು, ಎಷ್ಟು ಗಾಳಿ ಉಳಿದಾಗ ತಿಳಿಸುವುದು ಎಂದು ಹೇಳುತ್ತಾರೆ. ಇದನ್ನು ಗಮನವಿಟ್ಟು ಕೇಳಿ, ಅರ್ಥವಾಗದಿದ್ದರೆ ಕೈ ಎತ್ತಿ. ಮೊದಲ ಡೈವ್ ಮುಗಿಸಿ ಬಂದರೆ ತಿಂಡಿ, ಹನ್ನೊಂದಕ್ಕೆ ಎರಡನೆಯದು, ಊಟ, ಮೂರರ ಹೊತ್ತಿಗೆ ಮೂರನೆಯದು. ಒಂದೆರಡು ರಾತ್ರಿ ಡೈವ್ ಕೂಡ ಇರುತ್ತವೆ. ವಾವು ಹವಳದ್ವೀಪ ಸಮೂಹದ ಅಲಿಮಥಾದಲ್ಲಿ ರಾತ್ರಿ ನರ್ಸ್ ಶಾರ್ಕ್‌ಗಳು ಮೈಗೆ ಸವರಿಕೊಂಡೇ ಹೋಗುತ್ತವೆ. ಅರಿ ಸಮೂಹದ ಮಾಯಾ ತಿಲಾದಲ್ಲಿ ಬಿಳಿತುದಿಯ ಶಾರ್ಕ್‌ಗಳು ಬೇಟೆಯಾಡುವುದು ಕಾಣುತ್ತದೆ. ಅರಿ ಸಮೂಹದ ದಕ್ಷಿಣ ಅಂಚಿನಲ್ಲಿ ವರ್ಷವಿಡೀ ತಿಮಿಂಗಿಲ ಶಾರ್ಕ್ ಸಿಗುವ ಸಾಧ್ಯತೆ ಇದೆ. ಜಗತ್ತಿನ ಅತಿ ದೊಡ್ಡ ಮೀನಾದರೂ ಅದರ ಆಹಾರ ಸೂಕ್ಷ್ಮ ಜೀವಿಗಳು. ಮಾಲ್ಡೀವ್ಸ್ 2010ರಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು, ಇವತ್ತು ಇಷ್ಟು ಶಾರ್ಕ್ ಕಾಣುವುದಕ್ಕೆ ಆ ತೀರ್ಮಾನದ ಪಾಲು ದೊಡ್ಡದು.

ಜನವರಿಯಿಂದ ಏಪ್ರಿಲ್ ಒಣ ಹವೆ, ತಿಳಿನೀರು. ಮೇ ತಿಂಗಳಿಂದ ನವೆಂಬರ್‌ವರೆಗೆ ನೈಋತ್ಯ ಮಾರುತ, ಮಳೆ, ಅಲೆ. ಆದರೆ ಆಗಲೇ ಪ್ಲಾಂಕ್ಟನ್ ಹೆಚ್ಚಿ ಮಾಂಟಾ ರೇಗಳು ಬಾ ಸಮೂಹದ ಹನಿಫಾರು ಕೊಲ್ಲಿಯಲ್ಲಿ ಗುಂಪುಗೂಡುತ್ತವೆ. ಅಲ್ಲಿ ಸಿಲಿಂಡರ್ ಹಾಕಿ ಇಳಿಯುವಂತಿಲ್ಲ, ಸ್ನಾರ್ಕೆಲ್ ಮಾತ್ರ. ಮೊದಲ ಸಲ ಹೋಗುವವರಿಗೆ ನಾನು ಫೆಬ್ರವರಿ, ಮಾರ್ಚ್ ಹೇಳುತ್ತೇನೆ.

ನೀರಿನಲ್ಲಿ ಪಾಲಿಸಬೇಕಾದದ್ದು ನಿಮಗೆ ತರಬೇತಿಯಲ್ಲಿ ತಿಳಿದೇ ಇರುತ್ತದೆ. ಉಸಿರು ಕಟ್ಟಬೇಡಿ, ಜೊತೆಗಾರರನ್ನು ಬಿಡಬೇಡಿ, ನಿಧಾನವಾಗಿ ಏರಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿ. ಮಾಲ್ಡೀವ್ಸ್‌ನ ನಿಯಮದಲ್ಲಿ 30 ಮೀಟರ್ ಗರಿಷ್ಠ ಆಳ. ಕಿತ್ತಳೆ ಬಣ್ಣದ ತೇಲುಬುರುಡೆಯನ್ನು ಪ್ರತಿಯೊಬ್ಬರೂ ಇಟ್ಟುಕೊಳ್ಳಬೇಕು. ಸೆಳೆತ ದೂರ ಒಯ್ದರೆ ಧೋನಿಯವರಿಗೆ ಕಾಣುವುದು ಅದೊಂದೇ. ಹವಳವನ್ನು ಮುಟ್ಟಬೇಡಿ. 1998, 2016, 2024ರ ಬಿಸಿನೀರಿಗೆ ಬಿಳಚಿಕೊಂಡು ಸತ್ತದ್ದರ ನಡುವೆ ಮತ್ತೆ ಚಿಗುರುತ್ತಿರುವ ಹವಳಕ್ಕೆ ಒಂದು ಫಿನ್ ತಾಗಿದರೂ ವರ್ಷಗಳ ಬೆಳವಣಿಗೆ ಮುರಿಯುತ್ತದೆ. ಚಿಪ್ಪು, ಹವಳದ ಚೂರು ತರುವುದು ಅಲ್ಲಿ ಅಪರಾಧ.

ಅಲೆಗೆ ಹೊಟ್ಟೆ ತೊಳಸುವವರು ಔಷಧವನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಬೇಕು. ಕೆಲವು ಮಾತ್ರೆ ನಿದ್ದೆ ತರುತ್ತವೆ, ಯಾವುದು ಡೈವಿಂಗ್‌ಗೆ ಸರಿ ಎಂದು ವೈದ್ಯರನ್ನು ಕೇಳಿ, ಊರಲ್ಲೇ ಒಮ್ಮೆ ನುಂಗಿ ನೋಡಿ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಬರೆದು ತಿಳಿಸಿ. ಅಲ್ಲಿನ ಬೆಳಗಿನ ತಿಂಡಿ ಮಾಸ್ ಹುನಿ, ಸೂರೆ (ಟ್ಯೂನಾ) ಮೀನಿನ ಜೊತೆ ತೆಂಗಿನತುರಿ ಕಲಸಿದ್ದು. ನೀರು ಹೆಚ್ಚು ಕುಡಿಯಿರಿ. ಕಡಲು 28 ಡಿಗ್ರಿ ಬೆಚ್ಚಗಿದ್ದರೂ ದಿನಕ್ಕೆ ಮೂರು ಸಲ ಇಳಿದರೆ ಚಳಿ ಹಿಡಿಯುತ್ತದೆ, 3 ಮಿಲಿಮೀಟರಿನ ವೆಟ್‌ಸೂಟ್ ಇರಲಿ.

ಭಾರತದ ನೀರಿನಲ್ಲೇ ಹಡಗಿನ ಪಯಣ ಬೇಕೆಂದರೆ ಅಂಡಮಾನಿನಲ್ಲಿ ಬ್ಯಾರನ್ ದ್ವೀಪದ ಸುತ್ತ ಡೈವ್ ಮಾಡಿಸುವ ಪಯಣಗಳು ನಡೆದಿವೆ. ಅದು ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ, 1991ರಿಂದ ಮತ್ತೆ ಮತ್ತೆ ಉಗುಳುತ್ತಿದೆ. ದ್ವೀಪದ ಮೇಲೆ ಇಳಿಯುವಂತಿಲ್ಲ, ಸುತ್ತಲ ನೀರಿಗೂ ಅನುಮತಿ ಬೇಕು. ಅನುಮತಿ ಕೈಯಲ್ಲಿರುವುದನ್ನು ನೋಡದೆ ಹಣ ಕೊಡಬೇಡಿ.

ಹಣ ಕಟ್ಟುವ ಮುನ್ನ

ಮಾಲ್ಡೀವ್ಸ್‌ನ ಒಂದು ವಾರಕ್ಕೆ ವಿಮಾನ, ಹಡಗು, ಬಾಡಿಗೆ ಸಾಮಾನು, ತೆರಿಗೆ, ಸಿಬ್ಬಂದಿಗೆ ಕೊಡುವ ಭಕ್ಷೀಸು ಎಲ್ಲ ಸೇರಿ ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿ ದಾಟುವುದು ಸಾಮಾನ್ಯ. ಹಡಗಿನ ದರದಲ್ಲಿ ಏನು ಸೇರಿಲ್ಲ ಎಂದು ಲಿಖಿತವಾಗಿ ಕೇಳಿ. 2025ರಿಂದ ಹಡಗುಗಳಿಗೆ ಹಸಿರು ತೆರಿಗೆ ರಾತ್ರಿಗೆ ತಲಾ 12 ಡಾಲರ್, ಏಳು ರಾತ್ರಿಗೆ 84 ಡಾಲರ್. ಭಾರತೀಯರಿಗೆ ವೀಸಾ ಅಲ್ಲೇ ಉಚಿತವಾಗಿ ಸಿಗುತ್ತದೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣದ ವಿವರ ತುಂಬಬೇಕು. ಅದಕ್ಕೆ ಶುಲ್ಕವಿಲ್ಲ, ಶುಲ್ಕ ಕೇಳುವ ಜಾಲತಾಣ ಕಂಡರೆ ಹೊರಬನ್ನಿ. ಮದ್ಯ ಒಯ್ಯುವಂತಿಲ್ಲ.

ಮಾಮೂಲಿ ಪ್ರಯಾಣ ವಿಮೆಯಲ್ಲಿ ಸ್ಕೂಬಾ ಸೇರಿರುವುದು ಕಡಿಮೆ. ಡಿಕಂಪ್ರೆಶನ್ ಕಾಯಿಲೆ ಬಂದರೆ ಚಿಕಿತ್ಸೆ ಒತ್ತಡದ ಕೋಣೆಯಲ್ಲಿ, ಗಂಟೆಗಟ್ಟಲೆ. ಮಾಲೆಯ ಬಳಿಯ ಬಂಡೋಸ್ ದ್ವೀಪದಲ್ಲಿ ಅಂಥ ಕೋಣೆ ಇದೆ. ಅಲ್ಲಿಗೆ ಸಾಗಿಸುವ ಖರ್ಚು, ಚಿಕಿತ್ಸೆ ಎರಡನ್ನೂ ಹೊರುವ ಡೈವಿಂಗ್ ವಿಮೆ ಮಾಡಿಸಿಕೊಳ್ಳಿ. ಇದರಲ್ಲಿ ಉಳಿತಾಯ ಮಾಡಬೇಡಿ.

ಹಡಗಿನ ಸುರಕ್ಷತೆ ಕೇಳಲು ಸಂಕೋಚ ಬೇಡ. 2019ರ ಸೆಪ್ಟೆಂಬರ್ 2ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಕನ್ಸೆಪ್ಶನ್ ಎಂಬ ಡೈವಿಂಗ್ ಹಡಗಿಗೆ ನಸುಕಿನಲ್ಲಿ ಬೆಂಕಿ ಬಿದ್ದು, ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿ ಸತ್ತರು. ರಾತ್ರಿ ಸುತ್ತುವ ಕಾವಲು ಇರಲಿಲ್ಲ ಎಂದು ತನಿಖೆ ಹೇಳಿತು. 2024ರ ನವೆಂಬರಿನಲ್ಲಿ ಈಜಿಪ್ಟಿನ ಕೆಂಪು ಸಮುದ್ರದಲ್ಲಿ ಸೀ ಸ್ಟೋರಿ ಎಂಬ ಹಡಗು ಮುಳುಗಿತು. ಆದ್ದರಿಂದ ಕೇಳಿ: ರಾತ್ರಿ ಎಚ್ಚರವಿರುವ ಕಾವಲುಗಾರ ಇದ್ದಾರೆಯೇ? ಮಲಗುವ ಕೋಣೆಯಿಂದ ಎರಡು ದಾರಿ ಇವೆಯೇ? ಆಮ್ಲಜನಕದ ಕಿಟ್ ಇದೆಯೇ? ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಮಂದಿ? ಹಡಗು ಹತ್ತಿದ ದಿನವೇ ಎರಡನೆಯ ದಾರಿಯಲ್ಲಿ ನೀವೇ ಒಮ್ಮೆ ನಡೆದು ಹೊರಬನ್ನಿ. ಕ್ಯಾಮೆರಾ, ಟಾರ್ಚ್ ಬ್ಯಾಟರಿಗಳನ್ನು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಚಾರ್ಜ್‌ಗೆ ಹಾಕಬೇಡಿ, ಜನರ ಕಣ್ಣೆದುರಿಗೆ ಹಗಲಿನಲ್ಲಿ ಹಾಕಿ. ಈ ಪ್ರಶ್ನೆಗಳಿಗೆ ಸಿಡುಕುವ ಹಡಗಿನವರನ್ನು ಬಿಟ್ಟುಬಿಡಿ.

ಕೊನೆಯ ಡೈವ್‌ಗೂ ಬೆಂಗಳೂರಿನ ವಿಮಾನಕ್ಕೂ ನಡುವೆ 18 ಗಂಟೆಗಿಂತ ಕಡಿಮೆ ಇರಬಾರದು, 24 ಇದ್ದರೆ ಇನ್ನೂ ಒಳ್ಳೆಯದು. ಟಿಕೆಟ್ ತೆಗೆಯುವಾಗಲೇ ಈ ಲೆಕ್ಕ ಹಾಕಿ, ಕೊನೆಯ ಹಗಲನ್ನು ಮಾಲೆಯ ಬೀದಿ, ಮೀನು ಮಾರುಕಟ್ಟೆ ನೋಡಲು ಇಟ್ಟುಕೊಳ್ಳಿ. ಇಳಿದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಹೊಸೂರಿಗೆ ದಟ್ಟಣೆಯಲ್ಲಿ ಮೂರು ಗಂಟೆ ಹಿಡಿಯಬಹುದು, ಕೃಷ್ಣಗಿರಿಗೆ ಇನ್ನೊಂದು ಗಂಟೆ. ಮರುದಿನ ಬೆಳಗಿನ ಶಿಫ್ಟಿಗೆ ಒಪ್ಪಿಕೊಳ್ಳಬೇಡಿ. ಮನೆಗೆ ಬಂದ ಮೇಲೆ ಕೀಲುನೋವು, ಜೋಮು, ತಲೆಸುತ್ತು ಕಂಡರೆ ಡೈವ್ ಮಾಡಿ ಬಂದದ್ದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.

ನೇತ್ರಾಣಿಯ ದೋಣಿಗಳು ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊರಡುತ್ತವೆ. ಅಷ್ಟರೊಳಗೆ 200 ಮೀಟರ್ ಈಜುವಂತಾಗಬೇಕಾದರೆ ಈ ವಾರವೇ ಕೊಳಕ್ಕೆ ಸೇರಿ.